ಕಲಘಟಗಿಯ ಬೇಲಿಯಲ್ಲಿ ಅಗ್ನಿಶಿಖೆ

ನವಲಗುಂದ, ಅಣ್ಣಿಗೇರಿಗಳದು ಕರಿಮಣ್ಣಿನ ಬಯಲು. ಅಲ್ಲಿ ಮರಗಳು ವಿರಳ. ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದು ಸಾಗಿದಂತೆ ನೆಲ ಕೆಂಪಾಗುತ್ತದೆ, ಭತ್ತದ ಗದ್ದೆಗಳು ಕಾಣಿಸುತ್ತವೆ. ಕಲಘಟಗಿಯ ಆಚೆಗೆ ಕಾಡಿನ ಅಂಚು ಎದುರಾಗುತ್ತದೆ. ಶ್ರಾವಣದ ಮಳೆಯಲ್ಲಿ ಇಲ್ಲಿಯ ಪೊದೆ, ಬೇಲಿಗಳ ಮೇಲೆ ಉರಿಯ ನಾಲಗೆಯಂತಹ ಹೂವೊಂದು ಅರಳುತ್ತದೆ. ಅದೇ ಅಗ್ನಿಶಿಖೆ, ಮಲೆನಾಡಿಗರ ಗೌರಿ ಹೂವು.

ಇದರ ಗುರುತು ಕಠಿಣವಲ್ಲ. ಅಲೆಯಂಚಿನ ಆರು ದಳಗಳು ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುವವು. ಹಸಿರಾಗಿ ಹುಟ್ಟಿ, ಹಳದಿಗೆ ತಿರುಗಿ, ಕಡೆಗೆ ಕೆಂಪಾಗುವವು. ಎಲೆಯ ತುದಿಯೇ ಸುರುಳಿಗೊಂಡು ಆಸರೆಯನ್ನು ಹಿಡಿಯುತ್ತದೆ. ಕಾಡುಗೆಣಸಿನ ಎಲೆಗೆ ಈ ಸುರುಳಿಯಿಲ್ಲ. 1753ರಲ್ಲಿ ಲಿನೇಯಸ್ ಇದನ್ನು ಗ್ಲೋರಿಯೋಸ ಸುಪರ್ಬ ಎಂದು ಕರೆದನು. ಹಿಂದೆ ಲಿಲ್ಲಿಯ ಕುಟುಂಬಕ್ಕೆ ಸೇರಿಸಿದ್ದ ಇದನ್ನು ಸಸ್ಯಶಾಸ್ತ್ರಜ್ಞರು ಈಗ ಕಾಲ್ಚಿಕಮ್ ಕುಟುಂಬದಲ್ಲಿ ಇರಿಸಿದ್ದಾರೆ. ಸಂಸ್ಕೃತದಲ್ಲಿ ಇದು ಲಾಂಗಲಿ. ಲಾಂಗಲವೆಂದರೆ ನೇಗಿಲು, ಗಡ್ಡೆಯೂ ಹಾಗೆಯೇ ಬಾಗಿದೆ.

ಅಪಾಯವಿರುವುದು ಆ ಗಡ್ಡೆಯಲ್ಲಿ. ಹಿಮಾಲಯದ ವತ್ಸನಾಭ ಈ ಸೀಮೆಯಲ್ಲಿ ಬೆಳೆಯದು. ಇಲ್ಲಿಯ ಚೆಲುವೆಯಲ್ಲಿರುವುದು ಕಾಲ್ಚಿಸಿನ್ ಎಂಬ ಬೇರೊಂದು ವಿಷ. ಗಿಡದಲ್ಲೆಲ್ಲ ಇರುವ ಅದು ಗಡ್ಡೆ, ಬೀಜಗಳಲ್ಲಿ ಅಧಿಕ. ಬೇಯಿಸಿದರೂ ಅಳಿಯದು. ಶ್ರೀಲಂಕೆಯಲ್ಲಿ ಗೆಣಸೆಂದು ಭ್ರಮಿಸಿ ಇದನ್ನು ತಿಂದು ಪ್ರಾಣ ಬಿಟ್ಟವರುಂಟು.

ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುತ್ತದೆ. ಆಗ ಹೂವೂ ಇಲ್ಲ, ಎಲೆಯ ಸುರುಳಿಯೂ ಇಲ್ಲ. ಮಣ್ಣಿನೊಳಗೆ ಗಡ್ಡೆ ಮಾತ್ರ ಉಳಿದಿರುತ್ತದೆ. ಆದುದರಿಂದ ಇದರ ಪರಿಚಯಕ್ಕೆ ಶ್ರಾವಣ, ಭಾದ್ರಪದಗಳೇ ತಕ್ಕ ಕಾಲ. ಮಕ್ಕಳೊಡನೆ ಹೋದವರು ಆಗ ಹೂವನ್ನು ತೋರಿಸಲಿ. ಬೇಸಗೆಯಲ್ಲಿ ಗುರುತರಿಯದ ಗಡ್ಡೆಯನ್ನು ಯಾರೂ ಮನೆಗೆ ತಾರದಿರಲಿ.