ಮಾಳಿಗಿ ಹಾಡು ಮತ್ತು ನಮ್ಮ ಮೂರು ದಿನದ ಬ್ಯಾಂಡು

ನಾವು ಚೊಳಚಗುಡ್ಡದ ನಾಲ್ಕು ಮಂದಿ ಗೆಳೆಯರು ಒಂದು ರಾಕ್ ಬ್ಯಾಂಡ್ ಕಟ್ಟಿದ್ವಿ. ನಗಬ್ಯಾಡ್ರಿ. ಒಂದು ಹಳೇ ಗಿಟಾರು, ಬಾಡಿಗಿ ಡ್ರಮ್ಮು, ಭಜನಿ ಮೇಳದವರಿಂದ ಕೇಳಿ ತಂದ ತಾಳ, ಒಂದು ಮೈಕು. ಇಷ್ಟೇ ಬಂಡವಾಳ. ಮೂರು ಕಡೆ ಹಾಡಿದ್ವಿ. ನಾಲ್ಕನೇ ಕಡೆ ಕರೆ ಬಂದಾಗ ಬ್ಯಾಂಡೇ ಇರಲಿಲ್ಲ.

ಹುಚ್ಚು ಹತ್ತಿದ್ದು ಫೋನಿನಿಂದ. ಒಬ್ಬ ಗೆಳೆಯ ಒಂದು ವಿಡಿಯೋ ಕಳಿಸಿದ್ದ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿದ ಒಬ್ಬರು ಗಿಟಾರ್ ಹಿಡಿದು ‘ಸೋರುತಿಹುದು ಮನೆಯ ಮಾಳಿಗಿ’ ಹಾಡ್ತಿದ್ದರು. ನಮ್ಮ ಊರ ಭಜನ್ಯಾಗ ಕೇಳಿದ ಶರೀಫರ ಪದ! ಅವರು ರಘು ದೀಕ್ಷಿತ್, ಬ್ಯಾಂಡಿನ ಹೆಸರು ರಘು ದೀಕ್ಷಿತ್ ಪ್ರಾಜೆಕ್ಟ್.

ಅವರ ದಾರಿ ತಿಳಿದಷ್ಟೂ ನಮಗೆ ಧೈರ್ಯ ಬಂತು. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದವರು. ಗೆಜ್ಜೆ ಕಟ್ಟೋ ಹುಡುಗ ಅಂತ ಕಾಲೇಜಿನಲ್ಲಿ ಒಬ್ಬ ಹಂಗಿಸಿದ್ದಕ್ಕೆ ಹಟ ತೊಟ್ಟು ಗಿಟಾರ್ ಹಿಡಿದರು. ಮೊದಲು ಅಂತರಾಗ್ನಿ ಅನ್ನೋ ತಂಡ ಕಟ್ಟಿದರು, ಅದು ಒಡೀತು. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ಹಾಕಿದವು. ಕಡೆಗೆ ವಿಶಾಲ್–ಶೇಖರ್ ಜೋಡಿ ಅವರ ಹಾಡು ಮೆಚ್ಚಿ, ತಮ್ಮದೇ ಲೇಬಲ್‌ನಿಂದ 2008ರಲ್ಲಿ ಮೊದಲ ಆಲ್ಬಮ್ ತಂದರು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು. 2010ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಸಂಗೀತ ಜಾತ್ರೆ. ಶಿಶುನಾಳದ ಪದಕಾರ ಬ್ರಿಟನ್ ಮುಟ್ಟಿದ.

ನಮ್ಮ ಬ್ಯಾಂಡಿನ ಮೊದಲ ಹಾಡು ಯಾವುದಂತ ಬೇರೆ ಹೇಳಬೇಕಿಲ್ಲ. ಗಣಪತಿ ಮುಂದೆ ಹಾಡಿದ್ವಿ. ಹುಡುಗರು ಶಿಳ್ಳೆ ಹೊಡೆದರು. ಇಳಿದು ಬಂದಾಗ ನಮ್ಮೊಳಗೊಬ್ಬನ ಅಜ್ಜ ಕಟ್ಟಿ ಮ್ಯಾಲೆ ಕುಂತಿದ್ದ. ಹರೇದಾಗ ನಾಟಕ ಕಂಪನಿಯೊಂದರಲ್ಲಿ ಕಾಲುಪೆಟಿಗಿ ನುಡಿಸಿದಾವ. ಈಗ ಭಜನಿ ಮೇಳದ ಹಿರಿಯ.

“ಚಲೋ ಬಾರಿಸಿದ್ರಿ. ಮಾಳಿಗಿ ಯಾಕ ಸೋರತೈತಿ, ಹೇಳ್ರಿ ನೋಡೋಣು?” ಅಂದ.

ನಾವು ಮುಖ ಮುಖ ನೋಡಿಕೊಂಡ್ವಿ. ಫೋನಿನಿಂದ ನಾವು ಕಲಿತದ್ದು ಧಾಟಿ, ಅರ್ಥ ಅಲ್ಲ.

“ಮಳಿಗಾಲ ಬರೂಕಿಂತ ಮೊದ್ಲು ಮ್ಯಾಲ ಹತ್ತಿ ಸವಳ ಮಣ್ಣು ಹಾಕಬೇಕಲೇ. ಹಾಕಲಿಲ್ಲಂದ್ರ ಸೋರತೈತಿ. ಮನಿ ಅಂದ್ರ ಈ ಮೈ, ಈ ಮನಸು. ವರ್ಷಾ ನೋಡ್ಕೋಬೇಕು.”

ಮಾಳಿಗಿ ಮನ್ಯಾಗ ಹುಟ್ಟಿ, ಬೆಳಕಿಂಡಿ ಕೆಳಗ ಮಳಿ ನೀರಿಗೆ ಬುಟ್ಟಿ ಇಟ್ಟ ನಮಗೇ ಇದು ಹೊಳೆದಿರಲಿಲ್ಲ.

ನಮಗೆ ಸ್ವಲ್ಪ ಸಿಟ್ಟೂ ಬಂತು. “ಅಜ್ಜಾ, ಗಿಟಾರಿಗೆ ಹಾಡಿದ್ರ ಪದ ಕೆಡತೈತೇನು?” ಅಂತ ಕೇಳಿದ್ವಿ. ಅಜ್ಜ ನಕ್ಕ. “ಸಿ. ಅಶ್ವಥ್ ಹಾಡಿದಾಗೂ ಕೆಲವರು ಹಿಂಗಽ ಅಂದ್ರು. ಆಮ್ಯಾಲ ಸಿನಿಮಾ ಬಂತು, ಮನಿಮನಿಗೆ ಮುಟ್ಟಿತು. ಪದ ಕೆಡೂದಿಲ್ಲ. ಹಾಡವ್ರು ಇಲ್ಲಂದ್ರ ಕೆಡತೈತಿ.” ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದದ್ದು 1990ರಲ್ಲಿ, ಸಂಗೀತ ಅಶ್ವಥ್ ಅವರದು.

ಆಮೇಲೆ ನಮಗೂ ತಿಳೀತು. ಭಜನ್ಯಾಗ ಒಬ್ಬ ಮುಂದೆ ಹಾಡ್ತಾನ, ಉಳಿದವರು ಪಲ್ಲವಿ ಹಿಡೀತಾರ, ತಾಳ ಬರಬರುತ್ತ ಏರತೈತಿ. ರಾಕ್ ಬ್ಯಾಂಡ್ ಜನರಿಂದ ಹಾಡಿಸೋದೂ ಹಂಗೇ. ಅದಕ್ಕೇ ಈ ಪದ ಅಲ್ಲಿಗೆ ಹೊಂದಿಕೊಂಡಿರಬೇಕು.

ಬ್ಯಾಂಡ್ ಮುರಿದದ್ದು ಜಗಳದಿಂದಲ್ಲ. ಡ್ರಮ್ ಬಾರಿಸುವವ ಬೆಂಗಳೂರಿಗೆ ಕೆಲಸಕ್ಕೆ ಹೋದ. ಇನ್ನೊಬ್ಬನ ಮದುವೆ ಆಯ್ತು. ಡ್ರಮ್ಮಿನ ಬಾಡಿಗಿ ಉಳಿದಿತ್ತು, ಗಿಟಾರ್ ಮಾರಿ ತೀರಿಸಿದ್ವಿ. ಬಹಳ ದಿನ ಸೋತಂಗ ಅನಿಸಿತ್ತು.

ಬನದ ಹುಣ್ಣಿವಿಗೆ ಬನಶಂಕರಿ ಜಾತ್ರೆ ಬಂತು. ತೇರು ಎಳೆದ ಮ್ಯಾಲೂ ವಾರಗಟ್ಟಲೆ ನಡೆಯೋ ಜಾತ್ರೆ. ಸಾಲಾಗಿ ನಾಟಕ ಕಂಪನಿಗಳ ಡೇರೆ. ಅಜ್ಜನ ಜೊತೆ ರಾತ್ರಿ ನಾಟಕ ನೋಡಾಕ ಹೋದ್ವಿ. ಅಜ್ಜ ಡೇರೆ ಕಡೆ ಕೈ ಮಾಡಿದ. “ಕಂಪನಿ ಅಂದ್ರ ಇದಽ. ಒಂದು ಊರಾಗ ಮುಳುಗತೈತಿ, ಇನ್ನೊಂದು ಊರಾಗ ಏಳತೈತಿ. ಪಾರ್ಟು ಮಾಡವ್ರು ಬಿಟ್ಟು ಹೊಕ್ಕಾರ, ಹೊಸಬ್ರು ಬರ್ತಾರ. ಪರದೆ ಏಳೂದು ನಿಂದರಬಾರ್ದು.” ರಘು ದೀಕ್ಷಿತರ ತಂಡದಲ್ಲೂ ಹಾಗೇ. ಬಂದವರು ಹೋದರು, ಹೊಸಬರು ಸೇರಿದರು. ಒಡೆದ ತಂಡದ ಹೆಸರೇ ಮುಂದೆ ಆಲ್ಬಮ್ಮಿನ ಹೆಸರಿಗೆ ಸೇರಿತು.

ಈಗ ಊರಲ್ಲಿ ಉಳಿದಿರೋದು ನಾವಿಬ್ಬರು. ಅಮಾಸಿ ಭಜನಿಗೆ ಹೋಗ್ತೀವಿ. ಮೇಳದಾಗ ವಯಸ್ಸಾದ ನಾಲ್ಕೈದು ಮಂದಿ ಅದಾರ, ಅಜ್ಜನ ದನಿ ಬಿದ್ದೈತಿ. ಅವನಿಗೆ ಬಾಯಿಪಾಠ ಇರೋ ಪದಗಳನ್ನ ನೋಟ್‌ಬುಕ್ಕಿನಲ್ಲಿ ಬರ್ಕೊಳ್ತೀವಿ, ಫೋನಿನಲ್ಲಿ ರೆಕಾರ್ಡ್ ಮಾಡ್ತೀವಿ. ಇಲ್ಲಿಗೆ ಹದಿನೇಳು ಪದ ಆದವು. ಬೆಂಗಳೂರಿನ ಗೆಳೆಯನಿಗೂ ಕಳಿಸ್ತೀವಿ. ಕೆಲಸ ಮುಗಿಸಿ ಬಂದು ರೂಮಿನ ಬಕೆಟ್ ಬಡಿದು ತಾಳ ಹಾಕಿ, ನಮಗೆ ತಿರುಗಿ ಕಳಿಸ್ತಾನ.

ನಿಮ್ಮ ಊರಾಗೂ ಇಂಥ ಅಜ್ಜ ಇದ್ರ, ಈ ಅಮಾಸಿಗೆ ಹೋಗಿ ಕೂಡ್ರಿ. ಮಾಳಿಗಿಗೆ ಮಣ್ಣು ಹಾಕೋದು ಮಳಿ ಬರೋಕಿಂತ ಮೊದಲು.