ಊಟ ತನ್ನಿಚ್ಛೆ, ಓಟು?

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಬೇರಿಕೆಯ ಕಡೆ ಟೀ ಅಂಗಡಿಗಳಲ್ಲಿ ಮಾತಿಗೆ ಬರವಿಲ್ಲ, ಭಾಷೆಗೂ ಇಲ್ಲ. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಕಾವು ಏರಿ ತಮಿಳಿನಲ್ಲಿ ಇತ್ಯರ್ಥವಾಗುತ್ತದೆ. ಎಲೆಕ್ಷನ್ ಬಂತೆಂದರೆ ಕೇಳುವುದೇ ಬೇಡ. ಆಗ ರಾಜಿ ಮಾಡಿಸುವವನೊಬ್ಬ ಇದ್ದೇ ಇರುತ್ತಾನೆ: "ಬಿಡಣ್ಣೋ, ನಿಂಗೆ ಬಸ್ಸಾರು ಇಷ್ಟ, ನಂಗೆ ಹುರುಳಿ ಸಾರು. ಪಾರ್ಟಿನೂ ಹಂಗೇ."

ಕೇಳಲು ಹಿತವಾಗಿದೆ, ಅರ್ಧ ನಿಜವೂ ಹೌದು. ಎಷ್ಟೋ ಮನೆಗಳಲ್ಲಿ ಪಕ್ಷವೆಂಬುದು ಅಪ್ಪನಿಂದ ಹೊಲದ ಜೊತೆಗೇ ಬರುತ್ತದೆ. ಎಂಜಿಆರ್ ಸಿನಿಮಾ ನೋಡಿ ಅವರ ಪಕ್ಷದ ಎರಡೆಲೆ ಚಿಹ್ನೆಗೆ ಒತ್ತಿದವರು ಯಾವ ಪ್ರಣಾಳಿಕೆ ಓದಿದ್ದರು?

ಉಳಿದರ್ಧ ನಿಜವಲ್ಲ ಎನ್ನಲು ನಮ್ಮ ಸೀಮೆಯವರೇ ಒಬ್ಬರು ಸಾಕ್ಷಿ: ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ. ಅವರು ಹೆಂಡ ಮುಟ್ಟದಿದ್ದದ್ದು ಅವರ ಪಾಡು, ಯಾರೂ ಪ್ರಶ್ನಿಸಬೇಕಿರಲಿಲ್ಲ. ಆದರೆ 1937ರಲ್ಲಿ ಮದ್ರಾಸ್ ಪ್ರಾಂತ್ಯದ ಸರ್ಕಾರ ಕೈಗೆ ಬಂದ ಮೇಲೆ ಮೊದಲು ಸೇಲಂ ಜಿಲ್ಲೆಯಲ್ಲೇ ಪಾನನಿಷೇಧ ತಂದರು. ಹೊಸೂರು ಆಗ ಸೇಲಂಗೇ ಸೇರಿತ್ತು. ಅಬಕಾರಿ ಆದಾಯ ಹೋಯಿತಲ್ಲ, ಅದನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂತು. ಹೆಂಡದ ವಾಸನೆಯೂ ಗೊತ್ತಿಲ್ಲದವರು ಅದನ್ನು ತೆತ್ತರು. ಮುಂದೆ 1971ರಲ್ಲಿ ಕರುಣಾನಿಧಿ ನಿಷೇಧ ತೆಗೆದರು. 2003ರಿಂದ ಸರ್ಕಾರದ ಟಾಸ್ಮಾಕೇ ಅಂಗಡಿ ತೆರೆದು ಬಾಟಲಿ ಮಾರುತ್ತಿದೆ. ನನ್ನ ನಾಲಿಗೆಯ ರುಚಿ ನನ್ನ ತಟ್ಟೆ ದಾಟುವುದಿಲ್ಲ. ರಾಜಕೀಯದ ನಂಬಿಕೆ ಪಕ್ಕದವನ ತಟ್ಟೆಗೂ ಕೈಹಾಕುತ್ತದೆ, ಜೇಬಿಗೂ.

ಅದೇ ರಾಜಾಜಿ 1938ರಲ್ಲಿ ಶಾಲೆಗಳಿಗೆ ಹಿಂದಿ ಕಡ್ಡಾಯ ಮಾಡಿದರು. ವಿರೋಧಿಸಿದ ಪೆರಿಯಾರ್ ಜೈಲು ಸೇರಿದರು. 1965ರ ಹೊತ್ತಿಗೆ ರಾಜಾಜಿಯೇ ಹಿಂದಿ ಹೇರಿಕೆಯ ವಿರೋಧಿ! ಬಸ್ಸಾರು ಬಿಟ್ಟು ಹುರುಳಿ ಸಾರು ಹಿಡಿದವನನ್ನು ಯಾರೂ ಅಡ್ಡಗಟ್ಟಿ ವಿಚಾರಿಸುವುದಿಲ್ಲ. ರಾಜಾಜಿಯನ್ನು ಮಾತ್ರ ಜನ ಇವತ್ತಿಗೂ "ಯಾಕೆ?" ಎಂದು ಕೇಳುತ್ತಾರೆ. ಅವರೂ ಬಾಯಿಗೆ ಬೀಗ ಹಾಕಿಕೊಂಡು ಕೂತವರಲ್ಲ, ವಾದ ಮಾಡಿದವರು. ನಂಬಿಕೆಗೆ ಕಾರಣದ ಋಣವಿದೆ.

ನಮ್ಮದೇ ಮನೆಗೆ ಬನ್ನಿ. 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಗಡಿಯ ಕನ್ನಡ, ತೆಲುಗು ಮನೆಗಳ ಮಕ್ಕಳಿಗೆ ತಾಯ್ನುಡಿಯ ಪಾಠ ಉಳಿಯಬೇಕು ಎಂದು ನಾವು ಕೇಳುವುದು ಕನ್ನಡ ಕಿವಿಗೆ ಇಂಪು ಎಂಬ ಕಾರಣಕ್ಕಲ್ಲ. ಇಂಪಿನ ಮಾತಾದರೆ ತಮಿಳರಿಗೆ ತಮಿಳು ಇಂಪು, ಅಲ್ಲಿಗೆ ಮಾತು ಮುಗಿಯಿತು. ಮಗು ತಾಯ್ನುಡಿಯಲ್ಲಿ ಓದುವುದು ನ್ಯಾಯ ಎಂದರೆ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಆ ನ್ಯಾಯವನ್ನು ಬೆಂಗಳೂರಿನಲ್ಲಿರುವ ತಮಿಳು ಮಗುವಿಗೂ ಒಪ್ಪಬೇಕಾಗುತ್ತದೆ. ಅಲ್ಲಿ ಗಂಟಲು ಕಟ್ಟಿತೋ, ನಮ್ಮದು ಬರೀ ರುಚಿಯೇ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದರು ಹಿರಿಯರು. ಓಟು ತನ್ನಿಚ್ಛೆಯೇ ಸರಿ, ಫಲ ಉಣ್ಣುವವರು ಮಾತ್ರ ಊರಿನವರೆಲ್ಲ. ಹಾಗಾಗಿ ಕಾರಣ ಕೇಳಿದವರ ಮೇಲೆ ಸಿಡುಕಬೇಡಿ, ಹೇಳಿ.