ಜಾಕು ಎತ್ತಾಕ, ಕಟ್ಟಿಗಿ ಹೊರಾಕ

ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಪಾರ್ಕಿಂಗಿಗೆ ಇಳಿದರೆ ಕಾರು ತೊಳೆಯುವವರು ಕಾಣಸಿಗುತ್ತಾರೆ. ಹೋದ ತಿಂಗಳು ನಾನು ಇಳಿದಾಗ ಕಂಡದ್ದೇ ಬೇರೆ. ನನ್ನ ಮಗ ಅಂಗಾತ ಮಲಗಿ ಕಾರಿನಡಿ ಎದೆಯವರೆಗೆ ತೂರಿಕೊಂಡಿದ್ದ. ಕಾರಿನ ಹಿಂಬದಿ ಒಂದೇ ಒಂದು ಜಾಕಿನ ಮೇಲೆ ನಿಂತಿತ್ತು.

"ಹೊರಗ ಬಾ" ಅಂದೆ. ಕೂಗಲಿಲ್ಲ, ಕೂಗಿದರೆ ಬೆಚ್ಚಿ ಏನನ್ನಾದರೂ ಒದ್ದುಬಿಟ್ಟಾನು ಎಂಬ ಹೆದರಿಕೆ.

"ಎರಡೇ ಮಿನಿಟ್, ಪಪ್ಪಾ..."

"ಮೊದಲ ಹೊರಗ ಬಾ."

ಬಂದ. ನನ್ನ ಕೈ ನಡುಗುತ್ತಿತ್ತು.

ಅವನದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಝಡ್4. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಂಥ ಎತ್ತರ. ರನ್‌ಫ್ಲ್ಯಾಟ್ ಟೈರಿನ ಗಾಡಿಯಾದ್ದರಿಂದ ಡಿಕ್ಕಿಯಲ್ಲಿ ಸ್ಟೆಪ್ನಿಯಿಲ್ಲ, ಜಾಕೂ ಇಲ್ಲ. ಅಡಿಯಲ್ಲಿ ಏನೋ ಗಡಗಡ ಸದ್ದು ಅಂತ ಪಕ್ಕದವರ ಟ್ರಾಲಿ ಜಾಕು ತಂದಿದ್ದ. ಅದು ಅಡಿಗೆ ಹೋಗದಿದ್ದಾಗ ಹಿಂಗಾಲಿಗಳನ್ನು ಇಟ್ಟಿಗೆಯ ಮೇಲೆ ಹತ್ತಿಸಿ ಜಾಕು ತೂರಿಸಿದ್ದ. ಇಟ್ಟಿಗೆ! ಭಾರ ಬಿದ್ದರೆ ಅದು ಬಾಗಿ ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ನಾನು ಹುಬ್ಬಳ್ಳಿಯವನು. ಅಪ್ಪನದು ಲಾರಿ ಗ್ಯಾರೇಜು. 1987ರಲ್ಲಿ ಒಂದು ಮಧ್ಯಾಹ್ನ ಜಾಕು ಜಾರಿ, ಕೆಲಸದ ಹುಡುಗನೊಬ್ಬನ ಕಾಲು ಆಕ್ಸಲ್ ಕೆಳಗೆ ಸಿಕ್ಕಿತು. ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ. ಅಪ್ಪ ಅವತ್ತು ಊಟ ಮಾಡಲಿಲ್ಲ. ಮರುದಿನವೇ ಹಳೆಯ ರೈಲ್ವೆ ಸ್ಲೀಪರ್ ಕಟ್ಟಿಗೆ ತಂದು ಕೊಯ್ಯಿಸಿ, ಗೋಡೆಯುದ್ದಕ್ಕೂ ಪೇರಿಸಿಟ್ಟ. "ತಮ್ಮಾ, ಜಾಕು ಎತ್ತಾಕ, ಕಟ್ಟಿಗಿ ಹೊರಾಕ" ಅನ್ನುವುದು ಅವನ ಮಂತ್ರವಾಯಿತು. ಜಾಕಿನೊಳಗೆ ಎಣ್ಣೆಯನ್ನು ತಡೆಹಿಡಿದಿರುವುದು ಒಂದು ರಬ್ಬರ್ ಸೀಲು. ಅದರ ಮೇಲೆ ಯಾರಾದರೂ ಜೀವ ಇಡತಾರೇನು ಅಂತ ಕೇಳುತ್ತಿದ್ದ. ನಾನು ಊರು ಬಿಟ್ಟದ್ದೇ ಆ ಗ್ರೀಸಿನ ವಾಸನೆಯಿಂದ ತಪ್ಪಿಸಿಕೊಳ್ಳಲಿಕ್ಕೆ. ಮಗನಿಗೆ ಇದನ್ನೆಲ್ಲ ಒಂದು ದಿನವೂ ಹೇಳಿರಲಿಲ್ಲ. ತಪ್ಪು ಅವನದೊಂದೇ ಅಲ್ಲ.

ಅವತ್ತು ಕಾರು ಇಳಿಸಿಸಿ, ಇಬ್ಬರೂ ಕಟ್ಟಿಗೆ ಅಡ್ಡೆಗೆ ಹೋದೆವು. ಸೀಳಿಲ್ಲದ ಗಟ್ಟಿ ಕಟ್ಟಿಗೆ ಆರಿಸಿ ತುಂಡು ಮಾಡಿಸಿಕೊಂಡು ಬಂದೆವು. ಮುಂದಿನ ಭಾನುವಾರ ಮತ್ತೆ ಶುರು.

ಪಾರ್ಕಿಂಗಿನ ನೆಲ ಮೋರಿಯ ಕಡೆಗೆ ತುಸು ಇಳಿಜಾರು, ಆದ್ದರಿಂದ ಮಟ್ಟಸವಾದ ಸಿಮೆಂಟ್ ಜಾಗ ಹುಡುಕಿದೆವು. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂಗಾಲಿಗಳನ್ನು. ಅವುಗಳಲ್ಲೊಂದು ಮೇಲೆದ್ದರೆ ಉಳಿದೊಂದೇ ಗಾಡಿಯನ್ನು ತಡೆಯಬೇಕು. ಹಾಗಾಗಿ ಮುಂಗಾಲಿಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಇಟ್ಟೆವು. ಇಟ್ಟಿಗೆಯ ಬದಲು ಒಂದೂವರೆ ಇಂಚಿನ ಅಗಲ ಹಲಗೆಯ ಮೇಲೆ ಹಿಂಗಾಲಿಗಳನ್ನು ಅದಕ್ಕೂ ಮೊದಲೇ ನಿಧಾನ ಹತ್ತಿಸಿದ್ದಾಗಿತ್ತು. ಈಗ ಜಾಕು ಸಲೀಸಾಗಿ ಹೋಯಿತು. ಕಾರಿನ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಜಾಕು ಕೂರಬೇಕು, ಸಿಕ್ಕಲ್ಲಿ ಒತ್ತಿದರೆ ತಗಡು ಒಳಗೆ ಹೋಗುತ್ತದೆ. ಎತ್ತುವಾಗ ಜಾಕಿನ ತೋಳು ಕಮಾನಿನಂತೆ ಏರುತ್ತದೆ. ಅದರ ಚಕ್ರಗಳು ತುಸು ಉರುಳಲಿಕ್ಕೆ ಜಾಗ ಬೇಕು, ಇಲ್ಲದಿದ್ದರೆ ಕಾರನ್ನೇ ಎಳೆದುಬಿಡುತ್ತದೆ.

ಒಂದೇ ಸಲ ಎತ್ತಲಿಲ್ಲ. ಎಡಕ್ಕೆ ಮೂರು ಇಂಚು, ಬಲಕ್ಕೆ ಮೂರು ಇಂಚು, ಮತ್ತೆ ಎಡಕ್ಕೆ. ಪ್ರತಿ ಸಲವೂ ಟೈರಿನಡಿ ಕಟ್ಟಿಗೆಯನ್ನು ಅಡ್ಡ ಉದ್ದ ಪೇರಿಸಿ, ಕಾರನ್ನು ಅದರ ಮೇಲೆ ಇಳಿಸಿದೆವು. ಗಾಲಿ ಬಿಚ್ಚುವುದಿದ್ದರೆ ಈ ಉಪಾಯ ನಡೆಯದು. ಆಗ ಸ್ಟ್ಯಾಂಡೇ ಬೇಕು, ಬೋಲ್ಟನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ನಮಗೆ ಬರೀ ಅಡಿಗೆ ಇಣುಕುವುದಿತ್ತು.

ಕೊನೆಗೆ ಹೊರಗೆ ನಿಂತೇ ಕಾರನ್ನು ಅಲುಗಾಡಿಸಿ ನೋಡಿದೆ. ಜಗ್ಗಲಿಲ್ಲ. ಆಮೇಲೆಯೇ ಅವನನ್ನು ಬಿಟ್ಟದ್ದು. ಸದ್ದು ಮಾಡುತ್ತಿದ್ದದ್ದು ಸಡಿಲಾದ ಒಂದು ಕ್ಲಾಂಪು, ಅಷ್ಟೇ!

ಅಷ್ಟರಲ್ಲಿ ವಾಚ್‌ಮನ್ ಬಂದು, ಇಷ್ಟೊಂದು ಕಟ್ಟಿಗೆ ಯಾತಕ್ಕೆ ಅಂತ ಮರಾಠಿಯಲ್ಲಿ ಕೇಳಿದ. ಮಗ ಕೈ ಒರೆಸಿಕೊಳ್ಳುತ್ತ ಹೇಳಿದ: "ಜ್ಯಾಕ್ ಉಚಲಾಯಲಾ, ಲಾಕೂಡ ಪೇಲಾಯಲಾ. ನನ್ನ ಅಜ್ಜನ ಮಾತು." ಕೊನೆಯ ಮೂರು ಶಬ್ದ ಕನ್ನಡದಲ್ಲೇ ಬಂದವು. ವಾಚ್‌ಮನ್‌ಗೆ ತಿಳಿಯಲಿಲ್ಲ, ನಾನು ಕಟ್ಟಿಗೆ ಎತ್ತಿಡುವ ನೆಪದಲ್ಲಿ ಆ ಕಡೆ ತಿರುಗಿದೆ.